ನೆಲ ನೋಡುವ ಮಾತೆ

ನಾಳೆ ಗೈಡ್ ಕೆಲಸದ ಮೊದಲ ದಿನ. ಬಾಯಿಂದ ಮಾತೇ ಹೊರಡದಿದ್ದರೆ? ಶಿಲ್ಪಕಲೆ ಓದಿದ ಫಿಯಮ್ಮೆಟ್ಟಾ ಇದೇ ಚಿಂತೆಯಲ್ಲಿ ಫ್ಲಾರೆನ್ಸಿನ ಚರ್ಚಿನಲ್ಲಿ ಕುಳಿತಿದ್ದಳು. ಮಗು ಯೇಸುವನ್ನು ಎತ್ತಿಕೊಂಡ ಅಮೃತಶಿಲೆಯ ಮೇರಿ ಮಾತೆಯ ಮೂರ್ತಿಯ ಮುಂದೆ ವಯಸ್ಸಾದ ಅಕ್ಕತಂಗಿಯರಿಬ್ಬರು ನಿಂತಿದ್ದರು.

“ಮಗು ಕೈಲಿ ಗುಬ್ಬಿ ನೋಡಕ್ಕಾ!”

“ಗುಬ್ಬಿ ಅಲ್ವೇ ಪೆದ್ದಿ, ಯೇಸು ಶಿಲುಬೆ ಮೇಲಿದ್ದಾಗ ಹಣೆಯಿಂದ ಮುಳ್ಳು ಕಿತ್ತಿತಂತಲ್ಲ, ಆ ಜಾತಿ ಹಕ್ಕಿ. ಮಗನಿಗೆ ಮುಂದಾಗೋದು ಗೊತ್ತಿದ್ದೇ ತಾಯಿ ಮುಖ ಬಾಡಿದೆ.”

“ಮೊಮ್ಮಗಳು ಹುಟ್ಟಿದ್ಲು ಅಂತ ಹೇಳೋಕೆ ಬಂದ್ರೆ ಈ ಮೇರಿ ತಾಯಿ ನೆಲ ನೋಡ್ತಾಳಲ್ಲ!”

“ನಿನ್ನ ಟೋಪಿ ಕಂಡು ಹೆದರಿರ್ಬೇಕು. ನಡಿ, ಕಾಫಿ ಕುಡಿಯೋಣ.”

ತಂಗಿ ಸಪ್ಪೆ ಮುಖದಲ್ಲಿ ಹೊರಟಳು. ಫಿಯಮ್ಮೆಟ್ಟಾ ಎದ್ದೇಬಿಟ್ಟಳು.

“ಸಿನ್ಯೋರಾ, ಮಂಡಿಯೂರಿ ನೋಡಿ. ಮಂಡಿಯೂರಿದವರ ಕಣ್ಣಿಗೆ ಕಣ್ಣು ಸೇರೋ ಹಾಗೇ ಶಿಲ್ಪಿ ಅವಳನ್ನ ಕೆತ್ತಿರೋದು.”

ತಂಗಿ ಮೆಲ್ಲಗೆ ಮಂಡಿಯೂರಿದಳು.

“ಅಯ್ಯೋ, ನನ್ನನ್ನೇ ನೋಡ್ತಿದ್ದಾಳೆ! ಅಕ್ಕಾ, ಕಾಫಿ ಆಮೇಲೆ. ನನಗೆ ಹೇಳೋದು ಬೇಕಾದಷ್ಟಿದೆ.”