ಒಪ್ಪತ್ತಿನ ದಿನದ ಗುಳಿಗೆ

"ಹಲೋ... ಹಲೋ? ಯಾರ ಮಾತಾಡೂದು? ಮಾಲಾ ಅಲ್ಲಾ?... ಅಕ್ಕಾರ, ದವಾಖಾನಿನ ಅಲ್ರೀ ಇದು? ಮಾಲಾನ್ನ ಕರೀರಿ, ನರ್ಸ್ ಮಾಲಾ. ನಾ ಆಕಿ ದೊಡ್ಡವ್ವ ಸೋಮವ್ವ, ತುಬಚಿಯಿಂದ... ಡ್ಯೂಟಿ ಮ್ಯಾಲ ಇದ್ರ ಇರಲಿ ರೀ, ಇಲ್ಲಿ ಜೀವ ಹೊಂಟೈತಿ!..."

ತೋಟದ ಮನೆಯ ಪಡಸಾಲೆಯಲ್ಲಿ ಸೋಮವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಕಾಲ ಬಳಿ ಕಂಬಳಿಯ ಮೇಲೆ ಗಂಡ ಅಮಸಿದ್ದಪ್ಪ ಬಿದ್ದಿದ್ದ. ನೂರು ಕುರಿಗಳನ್ನು ಒಂದೇ ಸಿಳ್ಳಿನಲ್ಲಿ ತಿರುಗಿಸುವ ಗಂಡಸು, ಈಗ ಎಷ್ಟು ಕೂಗಿದರೂ ತಾನು ತಿರುಗುತ್ತಿರಲಿಲ್ಲ. ಮಟಮಟ ಮಧ್ಯಾಹ್ನ. ಮಗ ಯಲ್ಲಾಲಿಂಗ ಕುರಿ ಹೊಡೆದುಕೊಂಡು ಹೊಳೆಯ ಕಡೆ ಹೋಗಿದ್ದ.

"ಮಾಲಾ? ಯವ್ವಾ ಮಾಲಾ, ನಿಮ್ಮ ದೊಡ್ಡಪ್ಪ ಬಿದ್ದಾರ... ಇಲ್ಲ, ಜಾರಿ ಬಿದ್ದದ್ದಲ್ಲ. ಅಂಗಳದಾಗ ನಿಂತಿದ್ರು, ಕೈ ಗಡಗಡ ನಡಗಾಕತ್ತುವು. ಒಳಗ ಬಂದ ಕಂಬಳಿ ಮ್ಯಾಲ ಒರಗಿದ್ರು, ಆತು, ಅಷ್ಟ..."

"ಹಾಂ? ಬೆವರಾ? ಎಂಥಾ ಬೆವರ ಅಂತಿ, ಅಂಗಿ ಹಿಂಡಿದ್ರ ನೀರ ಸುರೀತೈತಿ. ಮೈ ಮುಟ್ಟಿದ್ರ ತಣ್ಣಗ ಐತಿ... ಮಾತಾ? ಮೊದಲ ಏನೋ ತೊದಲ್ತಿದ್ರು, ಮರಿ ಬಿಡು, ಮರಿ ಬಿಡು ಅಂತ. ಮರೀನ ಇಲ್ಲ ಇಲ್ಲಿ! ಈಗ ಕರದ್ರ ಬರೇ ಹೂಂ ಅಂತಾರ..."

"ಉಸರ ಐತಿ. ಐತಿ, ಎದಿ ಮ್ಯಾಲ ಕೈ ಇಟ್ಟ ನೋಡೇನಿ..."

"ಏನ್ ತಿಂದಾರಂದ್ರ? ಏನೂ ತಿಂದಿಲ್ಲ. ಶ್ರಾವಣ ಸೋಮಾರ ಅಲ್ಲ ಇವತ್ತ? ಒಪ್ಪತ್ತ. ಸಂಜಿಕ ಬೀರಪ್ಪಗ ಎಡಿ ಹಿಡದ ಮ್ಯಾಲ ಊಟ... ಸಕ್ರಿ ಬ್ಯಾನಿ ಗುಳಿಗಿ? ಕೊಟ್ಟೇನಿ. ಮುಂಜಾನಿ ಏಳಕ್ಕ ಕೊಟ್ಟೇನಿ, ಒಂದ ದಿನಾನೂ ತಪ್ಪಿಸಿಲ್ಲ ನಾ... ಯಾಕ ಅಂದ್ರ? ಗುಳಿಗಿ ಏನ್ ಊಟಾನ? ಒಪ್ಪತ್ತ ಕೆಡೂದಿಲ್ಲಂತ ಕೊಟ್ಟೆ. ಊಟದ ಮುಂಚೆ ಕೊಡು ಅಂತ ನೀನ ಹೇಳಿದ್ದೆಲ್ಲ? ಊಟದ ಮುಂಚೆನ ಕೊಟ್ಟೇನಿ..."

ಮುಂಚೆಯೇನೋ ಹೌದು. ಊಟ ಮಾತ್ರ ಹನ್ನೆರಡು ತಾಸಿನ ಆಚೆ ಇತ್ತು.

"ಮತ್ತ... ಮತ್ತ ಮೆಂತೆ ನೀರ. ಊರಾಗಿನ ಸಾವಕ್ಕ ಹೇಳಿದ್ಲು, ಮೆಂತೆಕಾಳ ನೆನಸಿ ಒಂದ ಚಮಚ ಕೊಡು ಅಂತ. ಮೊದಲ ಒಂದ ಹಾಕ್ತಿದ್ದೆ... ಈಗ ಮೂರ. ಹಾಗಲಕಾಯಿ ರಸ ಒಂದ ವಾಟಗ. ಕರಿಬೇವ ಅರದು, ದಾಲ್ಚಿನ್ನಿ ಪುಡಿ ಕಲಸಿ... ಔಷಧ ಅಂತ ಅದನ್ನೂ ಇವತ್ತ ಬಿಡಲಿಲ್ಲ. ಬೈಬ್ಯಾಡ ಮಾಲಾ! ಅಡಗಿ ಮನಿ ಸಾಮಾನ ಯಾರನ್ನ ಏನ್ ಮಾಡ್ತಾವು ಅಂದ್ಕೊಂಡೆ. ಸಕ್ರಿ ಇಳೀವಲ್ದು ಯವ್ವಾ! ವರ್ಷ ಆತು. ತಿಂಗಳ ತಿಂಗಳ ಜಮಖಂಡಿಗಿ ಬಂದ ರಕ್ತ ತಪಾಸಕ್ಕ ಕೊಡೂದು, ಅವರು ಇನ್ನೂರೈವತ್ತ, ಮುನ್ನೂರ ಅನ್ನೂದು. ಇಳೀವಲ್ದಂದ್ರ ಹೆಚ್ಚ ಹಾಕಬೇಕಲ್ಲ?..."

ಅತಿಯಾದರೆ ಅಮೃತವೂ ವಿಷ ಎಂದು ಊರಿಗೆಲ್ಲ ಹೇಳುವ ಹೆಂಗಸು ಸೋಮವ್ವ. ಗಂಡನ ವಿಷಯ ಬಂದಾಗ ಆ ಗಾದೆ ಅವಳಿಗೆ ನೆನಪಾಗಿರಲಿಲ್ಲ.

"ಏನಂದಿ?... ಇನ್ನೊಮ್ಮೆ ಅನ್ನು... ಸಕ್ರಿ ಕೊಡಬೇಕಾ? ಸಕ್ರಿ ಬ್ಯಾನಿ ಇದ್ದವರಿಗೆ ಸಕ್ರಿ? ಉರಿಯೂ ಬೆಂಕಿಗಿ ಎಣ್ಣಿ ಸುರದಂಗ ಆಗೂದಿಲ್ಲಾ?... ಇಳದೈತಾ? ಪೂರಾ ಇಳದೈತಾ?... ಗುಳಿಗಿ ಒಳಗ ಕೆಲಸ ಮಾಡಾಕತ್ತೈತಿ, ಹೊಟ್ಟ್ಯಾಗ ಕೂಳಿಲ್ಲ... ಹಾಂ. ಹಾಂ. ಮ್ಯಾಲ ಮೆಂತೆ, ಹಾಗಲಕಾಯಿ... ಅಯ್ಯ ನನ ಶಿವನ, ಇಳೀಲಿ ಅಂತನ ಅಲ್ಲ ನಾ ವರ್ಷಗಟ್ಲೆ ಬಡಕೊಂಡದ್ದು!..."

ಅವಳು ತನ್ನ ಬಲಗೈ ನೋಡಿಕೊಂಡಳು. ದಿನಾ ಬೆಳಿಗ್ಗೆ ಕಹಿ ರಸದ ಬಟ್ಟಲು ಹಿಡಿದು ಮುಂದೆ ನಿಂತು, ಮುಖ ಕಿವುಚಿದರೆ ಗದರಿಸಿ, ತಳದ ತನಕ ಕುಡಿಸಿದ್ದು ಇದೇ ಕೈಯಿಂದ.

"ಇಲ್ಲ ಯವ್ವಾ. ಮನ್ಯಾಗ ಸಕ್ರಿ ಇಲ್ಲ, ಬೆಲ್ಲ ಇಲ್ಲ, ಜೇನತುಪ್ಪ ಇಲ್ಲ. ಇವರ ಸಕ್ರಿ ಇಳಿಯೂ ಮಟಾ ನನ್ನ ಹೊಸ್ತಲಾ ಸಿಹಿ ದಾಟೂದಿಲ್ಲಂತ ಬೀರಪ್ಪನ ಮುಂದ ಹರಕಿ ಹೊತ್ತೇನಿ. ಇದ್ದ ಬೆಲ್ಲದ ಪೆಂಟಿ ಅವತ್ತ ಸಾವಕ್ಕಗ ಹೊತ್ತಹಾಕಿದೆ. ಮೊನ್ನಿ ಪಂಚಮಿಗಿ ಉಂಡಿ ಸೈತ ಕಟ್ಟಲಿಲ್ಲ..."

"ಕಬ್ಬಾ? ಮನಿ ಸುತ್ತ ಕಬ್ಬನ ಐತಿ, ಮಾಲಾ, ಕೈ ಚಾಚಿದ್ರ ಕಬ್ಬು! ಇನ್ನ ಎಳಸ. ಅದನ್ನ ಅಗದ ನುಂಗಾಕ ಇವರಿಗೆ ಎಚ್ಚರರ ಬೇಕಲ್ಲ... ಸಾವಕ್ಕನ ಮನಿ ಹರದಾರಿ ದೂರ. ಇವರನ್ನ ಹಿಂಗ ಬಿಟ್ಟ ಓಡ್ಲ್ಯಾ? ಹೇಳು, ಬಿಟ್ಟ ಓಡ್ಲ್ಯಾ?..."

"ದವಾಖಾನಿ ಗಾಡಿ ಬರತೈತಿ? ಎಷ್ಟೊತ್ತು?... ಮುಕ್ಕಾಲ ತಾಸಾ? ಅಲ್ಲೀ ಮಟಾ ಇವರು ತಡೀತಾರಾ?... ಮಾಲಾ, ನಾ ಏನ್ ಮಾಡ್ಲಿ? ಏನರ ಅನ್ನು..."

"ತಡಿ. ಹಣಿಗಿ ಒಂದೀಟ ಭಂಡಾರ ಹಚ್ತೇನಿ. ಇನ್ನೇನೈತಿ ನನ್ನ ಕೈಯಾಗ..."

ಭಂಡಾರವೆಂದರೆ ಬೀರಪ್ಪನ ಗುಡಿಯ ಅರಿಷಿಣ ಪುಡಿ. ಅದರ ಚೀಲ ಅಮಸಿದ್ದಪ್ಪ ಕುರಿಗೆ ಹೋದರೆ ಸೊಂಟದಲ್ಲಿ, ಮನೆಯಲ್ಲಿದ್ದರೆ ಗೂಟದ ಮೇಲೆ. ಅಡುಗೆಮನೆಯ ಡಬ್ಬಿ, ಗಂಡನ ಜೇಬು, ಹಾಸಿಗೆಯ ಕೆಳಗು, ಎಲ್ಲವನ್ನೂ ವಾರಕ್ಕೊಮ್ಮೆ ಜಾಲಾಡುತ್ತಿದ್ದ ಸೋಮವ್ವ ದೇವರ ವಸ್ತುವೆಂದು ಅದೊಂದಕ್ಕೆ ಮಾತ್ರ ಕೈ ಹಾಕಿದವಳಲ್ಲ. ಈಗ ಬಿಚ್ಚಿದಳು. ಮೆತ್ತನೆಯ ಪುಡಿಯೊಳಗೆ ಬೆರಳಿಗೆ ಏನೋ ಗಟ್ಟಿಯಾದದ್ದು ತಾಗಿತು.

"ಮಾಲಾ... ಬೆಲ್ಲ... ಬೆಲ್ಲ ಐತಿ ಇದರಾಗ! ಕಾಗದದಾಗ ಸುತ್ತ್ಯಾರ. ಮುಷ್ಟಿಯಷ್ಟ ಐತಿ, ಹಲ್ಲ ಊರಿದ ಗುರ್ತ ಐತಿ... ಇವರ ಇಟ್ಟದ್ದು, ಇನ್ಯಾರ ಇಡಬೇಕು? ಅಯ್ಯ ಕಳ್ಳಾ! ನಾ ಒಂದ ಕಡೆಯಿಂದ ಹಾಗಲಕಾಯಿ ಸುರಿಯೂದು, ಇವರು ಇನ್ನೊಂದ ಕಡೆಯಿಂದ ಬೆಲ್ಲಾ ಕಡಿಯೂದು! ಅದಕ್ಕನ ಅಲ್ಲ ಮತ್ತ, ಇಳೀಲಾರದ್ದು... ಇವತ್ತ ಒಪ್ಪತ್ತ ಕೆಡತೈತಂತ ಇದನ್ನೂ ಮುಟ್ಟಿಲ್ಲ. ಹೆಂಡ್ತಿ ಕಣ್ಣ ತಪ್ಪಿಸ್ತಾರ, ದೇವರ ಕಣ್ಣ ತಪ್ಪಸೂದಿಲ್ಲ..."

ಸಿಟ್ಟು ಬಂತು, ಸಿಟ್ಟಿನ ಬೆನ್ನಿಗೇ ಅಳು ಬಂತು. ಎರಡಕ್ಕೂ ಹೊತ್ತಿರಲಿಲ್ಲ.

"ಹಾಂ, ಹೇಳು, ಕೇಳಾಕತ್ತೇನಿ... ಬಾಯಾಗ ತುರಕೂದಿಲ್ಲ. ನೀರೂ ಹಾಕೂದಿಲ್ಲ, ಹಾಂ... ಒಂದ ಮಗ್ಗಲಾ ಹೊಳ್ಳಿಸೇನಿ. ಪುಡಿ ಮಾಡೂದು, ಒದ್ದಿ ಬೆರಳಿಗಿ ಹಚ್ಚಿ ಗಲ್ಲದ ಒಳಗ ತಿಕ್ಕೂದು, ಒಸಡಿಗಿ... ಅರಿಷಿಣ ಹತ್ತೈತಿ ಇದಕ್ಕ, ನಡೀತೈತಾ?... ಆತು, ಆತು. ಬೀರಪ್ಪಾ, ಹರಕಿ ಮುರೀತೇನಪಾ, ಪಾಪ ಇದ್ರ ನನ್ನ ತಲಿ ಮ್ಯಾಲ ಹಾಕು, ಇವರ ಮ್ಯಾಲ ಹಾಕಬ್ಯಾಡ..."

"ತಿಕ್ಕಾಕತ್ತೇನಿ... ಹಲ್ಲ ಗಟ್ಟಿ ಕಚ್ಚಿ ಹಿಡದಾರ, ಗಲ್ಲದ ಸಂದ್ಯಾಗಿಂದ ಬೆರಳ ಹಾಕೇನಿ... ಇನ್ನ ಏನೂ ಇಲ್ಲ... ಏನೂ ಇಲ್ಲ ಮಾಲಾ..."

"ಫೋನ್ ಟುಂಯ್ ಟುಂಯ್ ಅನ್ನಾಕತ್ತೈತಿ. ಚಾರ್ಜ್ ಇಲ್ಲ ಇದಕ್ಕ, ಮುಂಜಾನಿಂದ ಕರೆಂಟ ಇಲ್ಲ. ನೀ ಇಡಬ್ಯಾಡ ಮತ್ತ, ಇಡಬ್ಯಾಡ..."

"ಏ ಇವರ... ಏಳ್ರಿ. ಬೆಲ್ಲ ಐತ್ರಿ, ನೋಡ್ರಿ, ನಿಮ್ಮ ಬೆಲ್ಲ. ಬೈಯೂದಿಲ್ಲ ನಾ. ದೇವರಾಣಿ ಬೈಯೂದಿಲ್ಲ, ಏಳ್ರಿ..."

"...ಮಾಲಾ! ನಾಲಿಗಿ ಆಡಸಾಕತ್ತಾರ! ಬೆರಳ ಚೀಪಾಕತ್ತಾರ, ಕೂಸಿನಂಗ... ಹಾಂ, ಹಚ್ಚಾಕತ್ತೇನಿ, ಮತ್ತ ಹಚ್ಚಾಕತ್ತೇನಿ... ನುಂಗಿದ್ರು... ಕಣ್ಣ ತಗದ್ರು! ಮಾಲಾ, ನನ್ನ ನೋಡಾಕತ್ತಾರ... ನನ್ನ ಕೈಯಾಗಿನ ಚೀಲಾ ನೋಡಾಕತ್ತಾರ... ಏನ್ರಿ? ಏನಂತೀರಿ?... ಮಾಲಾ, 'ಅದು ನಂದಲ್ಲ' ಅನ್ನಾಕತ್ತಾರ!..."

ಸೋಮವ್ವ ನಕ್ಕಳೋ ಅತ್ತಳೋ ಅವಳಿಗೇ ತಿಳಿಯಲಿಲ್ಲ. ಹಳದಿ ಮೆತ್ತಿದ ಕೈಯನ್ನು ಸೆರಗಿಗೂ ಒರೆಸದೆ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಮಾಲಾ, ಕೈ ಚಾಚ್ಯಾರ. ಇನ್ನೊಂದ ತುಣಕ ಕೊಡು ಅನ್ನಾಕತ್ತಾರ... ಏನಂದಿ? ಗುಳಿಗಿ ಇನ್ನೂ ಒಳಗ ಐತಿ, ಮತ್ತ ಇಳೀಬಹುದು... ಹಾಂ, ಅದಕ್ಕ? ಅದಕ್ಕ ಏನ್ ಮಾಡ್ಲಿ? ವರ್ಷಾ ಪೂರ್ತಿ ಬ್ಯಾಡ ಬ್ಯಾಡ ಅಂದೇನಿ ಯವ್ವಾ, ಈಗ ಕೊಡ್ಲ್ಯೋ ಬ್ಯಾಡೋ? ಲಗೂನ ಹೇಳು... ಹಲೋ?... ಕೊಡ್ಲ್ಯೋ ಬ್ಯಾಡೋ, ಮಾಲಾ?... ಹಲೋ?..."

ಚಾರ್ಜ್ ಮುಗಿದು ಫೋನು ಸತ್ತಿತ್ತು; ಅಮಸಿದ್ದಪ್ಪನ ಕೈ ಮಾತ್ರ ಇನ್ನೂ ಚಾಚಿಯೇ ಇತ್ತು.