ಮೂರಕ್ಕೆ ಮೂರು

ಸಿಂಧನೂರಿನಿಂದ ಸಾಲಗುಂದಕ್ಕೆ ಹೋಗುವ ದಾರಿಯಲ್ಲಿ, ಎಡಕ್ಕೆ ಒಂದು ಬಾವಿ ಇದೆ. ಎರಡು ಕಬ್ಬಿಣದ ಕಂಬ, ನಡುವೆ ರಾಟೆ, ಒಂದು ಹಗ್ಗ, ಒಂದು ಬಕೆಟ್. ಹಗಲು ನೋಡಿದರೆ ಹೆದರುವಂಥದ್ದು ಏನೂ ಇಲ್ಲ. ಎಂಬತ್ತೆಂಟನೇ ಇಸವಿಯ ಒಂದು ರಾತ್ರಿ, ಹನ್ನೆರಡು ದಾಟಿದ ಮೇಲೆ, ಸಾಲಗುಂದದಲ್ಲಿ ನಮ್ಮ ಪಕ್ಕದ ಮನೆಯ ಜಿಲಾನಿಸಾಬ್ ಆ ಬಾವಿಯ ಹತ್ತಿರ ಬಂದು ನಿಂತುಬಿಟ್ಟ.

ಬಾವಿಯ ಒಳಗಿಂದ... ಟಕ್... ಟಕ್... ಟಕ್.

ಕಪ್ಪೆ ಅಂತೀರಾ? ಅವನೂ ಹಾಗೇ ಅಂದುಕೊಳ್ಳಲು ನೋಡಿದ, ಪಾಪ. ಆದರೆ ಅದೇ ಸದ್ದನ್ನು ಅವನು ಎರಡು ತಾಸಿನ ಹಿಂದೆ ಸಿಂಧನೂರಿನಲ್ಲಿ ಕೇಳಿದ್ದ. ಒದ್ದೆ ಗೋಡೆಗೆ ಕಲ್ಲು ಬಡಿದ ಸದ್ದು. ಅದನ್ನು ಮೊದಲು ಹೇಳಬೇಕು.

ಜಿಲಾನಿಸಾಬ್‌ನದು ಸಿಂಧನೂರಿನಲ್ಲಿ ಕ್ಯಾಸೆಟ್ ಅಂಗಡಿ. ಅಂಗಡಿಯ ಹಿಂದೆ ಒಂದು ರೆಕಾರ್ಡಿಂಗ್ ಕೋಣೆ. ಗೋಡೆಗೆಲ್ಲಾ ಗೋಣಿಚೀಲ ಹೊಡೆದು, ನಡುವೆ ಒಂದು ಗಾಜು ಕೂಡಿಸಿದ್ದ. ಗಾಜಿನ ಆಚೆ ಹಾಡುವವರು, ಈಚೆ ಇವನು ಮತ್ತು ಇವನ ಯಂತ್ರ. ಅದಕ್ಕೆ 'ಸ್ಟುಡಿಯೋ' ಅಂತ ಬೋರ್ಡು ಬೇರೆ! ಹಗಲೆಲ್ಲಾ ಲಾರಿಗಳ ಹಾರನ್ ಟೇಪಿನೊಳಗೆ ಬರುತ್ತಿತ್ತು. ಅದಕ್ಕೇ ರೆಕಾರ್ಡಿಂಗ್ ಏನಿದ್ದರೂ ರಾತ್ರಿ.

ಆವತ್ತು ಬಂದವರು ಹಟ್ಟಿಯ ನಾಲ್ಕು ಜನ. ಬಂಗಾರದ ಗಣಿಯಲ್ಲಿ ದುಡಿಯುವವರು, ಎಲ್ಲರಿಗೂ ತಲೆ ನೆರೆತಿತ್ತು. ಅರವತ್ತರ ದಶಕದಲ್ಲಿ ಇವರದೊಂದು ರಾಕ್ ಬ್ಯಾಂಡ್ ಇತ್ತು ಅಂದರೆ ನೀವು ನಗುತ್ತೀರಿ. ಇತ್ತು ಮಾರಾಯರೇ! ಗಿಟಾರು, ಡ್ರಮ್ಮು, ಬಿಗಿ ಪ್ಯಾಂಟು. ಇಂಗ್ಲಿಷ್ ಧಾಟಿಗೆ ನಮ್ಮ ಕಡೆಯ ಮಾತು ಹಾಕಿ, ಮದುವೆ ಮನೆಗಳಲ್ಲಿ ಮುದುಕರನ್ನೂ ಕುಣಿಸುತ್ತಿದ್ದರಂತೆ. ಅರವತ್ತೆಂಟರಲ್ಲಿ ಒಮ್ಮೆಲೇ ನಿಂತುಹೋಯಿತು. ಇಪ್ಪತ್ತು ವರ್ಷ ಯಾರೂ ವಾದ್ಯ ಮುಟ್ಟಲಿಲ್ಲ. ಈಗ ಹಾಡುಗಾರ ಕನಕರಾಯನಿಗೆ ಎದೆರೋಗ. ದನಿ ಇರುವಾಗಲೇ ಒಂದು ಸಲ ಟೇಪಿನಲ್ಲಿ ಇರಲಿ ಅಂತ ಎಲ್ಲರೂ ಮತ್ತೆ ಕೂಡಿದ್ದರು.

"ಎಲ್ಲಾರೂ ಕೂಡೇ ಬಾರಿಸ್ತೀವಿ ತಮ್ಮಾ. ಒಂದೇ ಸಲ. ತಪ್ಪಿದ್ರ ತಪ್ಪಲಿ," ಅಂದ ಕನಕರಾಯ.

"ಆತು ಕಾಕಾ. ಶುರು ಮಾಡಾಕ ಡ್ರಮ್ಮಿನ ಕಡ್ಡಿ ಬಡೀತೀರೇನು?"

ಡ್ರಮ್ಮಿನ ಮುಂದೆ ಕೂತ ಉಸ್ಮಾನ್‌ಸಾಬ್ ತಲೆ ತಗ್ಗಿಸಿದ. ಕನಕರಾಯನೇ ಹೇಳಿದ: "ಇಲ್ಲ. ನಾವು ಬಡಿಯಂಗಿಲ್ಲ. ಕಣ್ಣಾಗ ಸನ್ನಿ ಮಾಡ್ತೀನಿ, ಸಾಕು."

ಜಿಲಾನಿಸಾಬ್‌ಗೆ ಆಶ್ಚರ್ಯವಾಯಿತು, ಕೇಳಲಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡ. ಟೇಪು ತಿರುಗತೊಡಗಿತು... ಸುಂಯ್... ಆಗ ಬಂತು.

ಟಕ್... ಟಕ್... ಟಕ್.

ಟೇಪು ಶುರುವಾಯಿತೇ ಅಂತ ಯಾರೋ ಕೇಳುತ್ತಿದ್ದಾರೆ ಅಂದುಕೊಂಡ. ಬೆರಳಿನ ಬೆಳ್ಳಿ ಉಂಗುರದಿಂದ ಗಾಜಿಗೆ ಮೂರು ಸಲ ಬಡಿದ. ಟಣ್, ಟಣ್, ಟಣ್.

ಗಾಜಿನ ಆಚೆ ನಾಲ್ಕೂ ಜನ ತಲೆ ಎತ್ತಿದರು. ಕನಕರಾಯನ ಮುಖದಲ್ಲಿ ರಕ್ತ ಇರಲಿಲ್ಲ. ಆದರೆ ಉಸ್ಮಾನ್‌ಸಾಬ್‌ನ ಕೈ, ಹಳೇ ರೂಢಿ ನೋಡಿ, ತಾನಾಗಿಯೇ ಡ್ರಮ್ಮಿನ ಮೇಲೆ ಬಿದ್ದಿತ್ತು. ಹಾಡು ಹೊರಟಿತು. ಎಂಥಾ ಹಾಡು ಅಂತೀರಿ! ಎದೆರೋಗದ ಮನುಷ್ಯ ಹಾಡಿದ್ದು ಅಂತ ಯಾರೂ ನಂಬಲಿಕ್ಕಿಲ್ಲ. ಜಿಲಾನಿಸಾಬ್ ಖುಷಿಯಿಂದ ತಲೆದೂಗುತ್ತಿದ್ದ... ಒಮ್ಮೆಲೇ ನಿಂತ.

ಹೆಡ್‌ಫೋನಿನಲ್ಲಿ ಮೌತ್ ಆರ್ಗನ್ ಕೇಳುತ್ತಿತ್ತು. ಆಚೆ ಇದ್ದವರು ನಾಲ್ಕೇ ಜನ. ಯಾರ ಬಾಯಲ್ಲೂ ಮೌತ್ ಆರ್ಗನ್ ಇಲ್ಲ. ಹೆಡ್‌ಫೋನ್ ತೆಗೆದ, ಇಲ್ಲ. ಹಾಕಿಕೊಂಡ, ಇದೆ. ಉಸಿರು ಎಳೆಯುವುದೂ ಕೇಳುತ್ತಿತ್ತು, ನೀರು ತುಂಬಿದ ಉಸಿರು.

ಹಾಡು ಮುಗಿದ ಮೇಲೆ ಟೇಪು ಹಾಕಿ ಕೇಳಿಸಿದ. ಉಸ್ಮಾನ್‌ಸಾಬ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ತಾಯಪ್ಪ," ಅಂದ ಕನಕರಾಯ, ಪಿಸುಮಾತಿನಲ್ಲಿ. "ನಮ್ಮ ಐದನೇದಾವ."

ಆಮೇಲೆ ಹೇಳಿದ. ಗಣಿಯಲ್ಲಿ ಮಂದಿಯನ್ನು ಏರಿಸಿ ಇಳಿಸುವ ಕಬ್ಬಿಣದ ಪಂಜರಕ್ಕೆ ಗಂಟೆಯ ಲೆಕ್ಕ ಇರುತ್ತದೆ. ಕೆಳಗಿನವರು ಮೂರು ಬಡಿದರೆ, ಒಳಗೆ ಮಂದಿ ನಿಂತಿದ್ದೇವೆ, ಎಳೆಯಿರಿ. ಮೇಲಿನವನು ಮೂರಕ್ಕೆ ಮೂರು ಬಡಿದು ಒಪ್ಪಬೇಕು. ಒಪ್ಪಿದ ಮೇಲೆ ಎಳೆಯಲೇಬೇಕು. ಒಂದೇ ಬಡಿದರೆ, ನಿಲ್ಲಿಸು. ಈ ಲೆಕ್ಕವನ್ನೇ ಬ್ಯಾಂಡಿಗೂ ತಂದಿದ್ದರು. ಯಾರಾದರೂ ಮೂರು ಬಡಿದರೆ ಉಳಿದವರು ಮೂರು ಬಡಿಯಬೇಕು, ಆಮೇಲೆ ಹಾಡು. ಇವರಿಗೆ ಅದೊಂದು ಆಟ. ಅರವತ್ತೆಂಟರಲ್ಲಿ ಸಾಲಗುಂದದ ಮದುವೆ ಮುಗಿಸಿ ರಾತ್ರಿ ಸಿಂಧನೂರಿಗೆ ನಡೆದು ಬರುವಾಗ, ನೀರು ಕುಡಿದು ಬರುತ್ತೇನೆ ಅಂತ ತಾಯಪ್ಪ ಬಾವಿಯ ಹತ್ತಿರ ಹಿಂದೆ ಉಳಿದ. ಸ್ವಲ್ಪ ಹೊತ್ತಿಗೆ ಮೂರು ಏಟು ಕೇಳಿಸಿತು.

"ನಾವು ನಕ್ಕೋಂತ ಗಿಟಾರಿನ ಮ್ಯಾಲ ಮೂರು ಬಡಿದ್ವಿ. ಮತ್ತ ಮೂರು ಬಡಿದ. ಮತ್ತ ನಾವೂ ಬಡಿದ್ವಿ. ಬಡಕೋಂತ... ಮುಂದ ಹೋಗಿಬಿಟ್ವಿ ತಮ್ಮಾ. ಮುಂಜಾನಿ ಬಾವ್ಯಾಗಿಂದ ಹೆಣ ತೆಗದಾಗ ಅವನ ಕೈಯಾಗ ಕಲ್ಲಿತ್ತು."

ಟೇಪು ಸುಮ್ಮನೆ ತಿರುಗುತ್ತಿತ್ತು.

"ಇವತ್ತು ನೀ ಒಪ್ಪೀದಿ," ಅಂದ ಕನಕರಾಯ. "ಆ ದಾರಿ ಹಿಡೀಬ್ಯಾಡ. ಇಲ್ಲೇ ಮಲಕ್ಕೋ."

"ಹೆಂಗ ಮಲಕ್ಕೊಳ್ಳಲಿ ಕಾಕಾ? ಮನ್ಯಾಗ ಶಾಕೀರಾಗ ದಿನಾ ತುಂಬ್ಯಾವ. ಒಬ್ಬಾಕೀನೇ ಅದಾಳ."

ಕನಕರಾಯ ಅವನ ಕೈ ಹಿಡಿದ. "ಹಂಗಾರ ಕೇಳು. ಬಡಿದ್ರ ಎಳಿ. ನಾವು ಮಾಡಿದ್ದು ನೀ ಮಾಡಬ್ಯಾಡ."

ಜೊತೆಗೆ ಬರುತ್ತೇನೆ ಅಂತ ಆ ನಾಲ್ವರಲ್ಲಿ ಒಬ್ಬನೂ ಅನ್ನಲಿಲ್ಲ ನೋಡಿ. ಜೀಪು ಹತ್ತಿ ಹಟ್ಟಿಗೆ ಹೋದರು.

ಈಗ ಬಾವಿಗೆ ಬನ್ನಿ. ಟಕ್... ಟಕ್... ಟಕ್. ಜಿಲಾನಿಸಾಬ್‌ಗೆ ಓಡಿಬಿಡೋಣ ಅನ್ನಿಸಿತು. ಮನೆಯಲ್ಲಿ ಹೆಂಡತಿ, ಹೊಟ್ಟೆಯಲ್ಲಿ ಮಗು. ಒಪ್ಪಿ ಎಳೆಯದೆ ಹೋದರೆ ಬಾವಿಯೊಳಗಿನದು ಬೆನ್ನು ಹತ್ತಿ ಮನೆಗೇ ಬಂದರೆ? ಆ ಭಯಕ್ಕೇ ಕಟ್ಟೆ ಹತ್ತಿದ, ಹಗ್ಗ ಹಿಡಿದ. ಒಳಗೆ ನೋಡಲಿಲ್ಲ.

ಎಳೆದ. ಕಿರ್... ರಾಟೆ ತಿರುಗಿತು. ಭಾರ. ಕಿರ್... ಬಕೆಟ್ ನೀರಿನ ಭಾರವಲ್ಲ, ಆಳಿನ ಭಾರ. ಕಿರ್... ಕಿರ್... ಕೆಳಗೆ ಹನಿ ಬೀಳುವ ಸದ್ದು, ತೊಟ್... ತೊಟ್... ಹಗ್ಗದ ಅರ್ಧ ಅವನ ಕಾಲ ಹತ್ತಿರ ಸುರುಳಿ ಬಿದ್ದಿತ್ತು.

ಆಗ ಕೆಳಗಿಂದ ಮೌತ್ ಆರ್ಗನ್ ಕೇಳಿಸಿತು. ಸಣ್ಣಗೆ... ಅದೇ ಹಾಡು. ಮನೆಗೆ ಹೊರಟವನ ಖುಷಿ ಅದರಲ್ಲಿ.

ಜಿಲಾನಿಸಾಬ್‌ನ ಧೈರ್ಯ ಅಲ್ಲಿಗೆ ಮುಗಿಯಿತು. ಮೇಲೆ ಬರುವುದು ಏನು? ಯಾವ ಮುಖ ಇರುತ್ತದೆ? ಹಗ್ಗವನ್ನು ಎಡಗೈಗೆ ಸುತ್ತಿಕೊಂಡು, ಬಲಗೈಯ ಉಂಗುರದಿಂದ ಕಬ್ಬಿಣದ ಕಂಬಕ್ಕೆ ಬಡಿದ. ಒಂದೇ ಒಂದು ಏಟು.

ಟಣ್.

ಮೌತ್ ಆರ್ಗನ್ ನಿಂತಿತು. ಹನಿ ನಿಂತಿತು. ಜಿಲಾನಿಸಾಬ್ ಕೈ ಬಿಟ್ಟ... ಹಗ್ಗ ಕೆಳಗೆ ಜಾರಲಿಲ್ಲ. ಹಿಡಿಯುವವರಿಲ್ಲದೆ ಬಿಗಿಯಾಗಿ ಹಾಗೇ ನಿಂತಿತ್ತು. ಅವನು ಚಪ್ಪಲಿ ಅಲ್ಲೇ ಬಿಟ್ಟು ಓಡಿದ.

ಮೂರನೇ ದಿನಕ್ಕೆ ಶಾಕೀರಾ ಹೆಣ್ಣು ಹಡೆದಳು. ಇಬ್ಬರೂ ಚೆನ್ನಾಗಿದ್ದರು. ಗೆದ್ದೆ ಅಂದುಕೊಂಡ ಜಿಲಾನಿಸಾಬ್ ಹಟ್ಟಿಗೆ ಹೋಗಿ ಎಲ್ಲಾ ಹೇಳಿದ. ಮಂಚದ ಮೇಲಿದ್ದ ಕನಕರಾಯ ಎದ್ದು ಕೂತ.

"ಎಷ್ಟು ಎಳೆದಿದ್ದಿ?"

"ಅರ್ಧ, ಕಾಕಾ."

ಕನಕರಾಯ ಗೋಡೆಗೆ ಮುಖ ಮಾಡಿ ಅಳಲಿಕ್ಕೆ ಶುರುಮಾಡಿದ. "ನೀರಾಗಾದ್ರೂ ಇದ್ದ ಲೇ," ಅಂದ. "ಈಗ ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಅರ್ಧಕ್ಕ ತೂಗುಬಿಟ್ಟಿ."

ಅದೇ ತಿಂಗಳು ಕನಕರಾಯ ತೀರಿಕೊಂಡ. ಆ ಏಟನ್ನು ನೆನೆದರೆ ಜಿಲಾನಿಸಾಬ್‌ಗೆ ಇವತ್ತಿಗೂ ನಾಚಿಕೆ, ಇವತ್ತಿಗೂ ಭಯ. ಯಾರ ಮನೆಗೆ ಹೋದರೂ ಬಾಗಿಲು ಬಡಿಯುವುದಿಲ್ಲ, ಹೊರಗೆ ನಿಂತು ಕೂಗುತ್ತಾನೆ. ನೀವೇ ನೋಡಿದ್ದೀರಲ್ಲ.

ಸುಳ್ಳು ಅನ್ನುವವರು ಹೋಗಿ ಆ ಬಾವಿಯಲ್ಲಿ ನೀರು ಸೇದಿ. ಹೋದ ವರ್ಷ, ತೊಂಬತ್ತೈದರಲ್ಲಿ, ನಾನೇ ಸೇದಿದ್ದೇನೆ, ಮಟಮಟ ಮಧ್ಯಾಹ್ನ. ಬಕೆಟ್ ಅರ್ಧಕ್ಕೆ ಬಂದು ನಿಂತಿತು. ಬಗ್ಗಿ ನೋಡಿದೆ. ಸಿಕ್ಕಿಕೊಳ್ಳಲು ಅಲ್ಲಿ ಒಂದು ಕಲ್ಲಿಲ್ಲ, ಒಂದು ಬೇರಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಎಳೆದೆ, ಬಂತು. ನೀರು ಕುಡಿದೆ. ಸಿಹಿ ನೀರು.