ಎರಡು ಸೊನ್ನೆ, ಒಂದು ಕಿರೀಟ

ವೇದಿಕೆಯ ಮೇಲಿರುವ ಪ್ರಾಂಶುಪಾಲರೇ, ಈ ದಿನ ಸನ್ಮಾನ ಸ್ವೀಕರಿಸುತ್ತಿರುವ ಸಂಘಮಿತ್ರ ಮೇಡಂ ಅವರೇ, ಮುಂದಿನ ಸಾಲಿನ ಗಣ್ಯರೇ, ಹಿಂದಿನ ಬಾಗಿಲಿಗೆ ಒರಗಿ ನಿಂತಿರುವವರೇ, ಚಿಂತಾಮಣಿಯ ಕಲಾರಸಿಕ ಸಭಿಕರೇ,

ತೊಡೆಯ ಮೇಲೆ ಕಿರೀಟ ಇಟ್ಟುಕೊಂಡು ಕೂತಿದ್ದವನು ಯಾರು ಎಂದು ಮಕ್ಕಳು ಆಗಿನಿಂದ ನಗುತ್ತಿದ್ದೀರಿ. ನಗಿ. ನಾನು ನಾಟಕದ ಮುನಿಶಾಮಪ್ಪ, ಅಂಬಾಜಿದುರ್ಗದ ಕಡೆಯವನು. ಮೈಕಿಲ್ಲದೆ ಮೂರು ಊರಿಗೆ ಕೇಳುವ ಗಂಟಲು ಎನ್ನುತ್ತಿದ್ದರು. ಇವತ್ತು ಮೈಕಿದ್ದೂ ಗಂಟಲು ಒಣಗುತ್ತಿದೆ. ಯಾಕೆ? ಹೇಳುತ್ತೇನೆ.

ಮೇಡಂ ಮತ್ತು ಅವರ ವಿದ್ಯಾರ್ಥಿಗಳು ಗ್ರೀಕರ ಹಳೆಯ ತತ್ವಸಂವಾದಗಳನ್ನು ಕಂಪ್ಯೂಟರಿಗೆ ಸೇರಿಸಿದ್ದಾರೆ. ಯಾವ ಸಂವಾದದಲ್ಲಿ ಯಾರು ಯಾರು ಬರುತ್ತಾರೆ ಎಂಬ ದೊಡ್ಡ ನಕ್ಷೆ. ನಾಲೆಡ್ಜ್ ಗ್ರಾಫ್ ಅನ್ನುತ್ತಾರೆ. ಹೆಸರಿಗೊಂದು ಸೊನ್ನೆ, ಸೊನ್ನೆಯಿಂದ ಸಂವಾದಕ್ಕೆ ಒಂದು ಗೆರೆ. ಆ ಸಂವಾದಗಳನ್ನು ಅಭಿನಯಿಸಿ ಓದಲು ನನ್ನನ್ನು ಕರೆಸಿದ್ದರು. ನೋಡುತ್ತೇನೆ, ಒಂದೇ ಹೆಸರಿಗೆ ಎರಡು ಸೊನ್ನೆ. ತಪ್ಪು ಹಿಡಿದೆ ಎಂದು ಮೀಸೆ ತಿರುವಿದೆ.

ಅನ್ವಿತಾ ಅನ್ನುವ ವಿದ್ಯಾರ್ಥಿನಿ ಹೇಳಿದಳು: "ಒಂದು ಬದುಕಿದ್ದ ಮನುಷ್ಯ ತಾತ, ಇನ್ನೊಂದು ಸಂವಾದದಲ್ಲಿ ಬರೋ ಪಾತ್ರ. ಮಾತು ಬರೆದೋನು ಬೇರೆ. ಎರಡೂ ಸೇರಿಸಿಬಿಟ್ರೆ ಪಾತ್ರ ಆಡಿದ್ದೆಲ್ಲ ಆ ಮನುಷ್ಯನ ತಲೆಗೆ ಬರ್ತದೆ."

ಸತ್ತು ಸಾವಿರಾರು ವರ್ಷವಾದವನಿಗೆ ಅದರಿಂದೇನಮ್ಮ ಎಂದು ನಗಾಡಿದೆ.

"ಬದುಕಿದ್ದಿದ್ರೆ?" ಅಂದಳು.

ಆ ಮಾತಾಗಿ ತಿಂಗಳು ತುಂಬಿಲ್ಲ. ನಮ್ಮೂರಲ್ಲಿ ನಾಟಕದ ತಾಲೀಮು ನಡೆದಿತ್ತು. ನನ್ನದು ಚಂಡಕೇತು ಮಹಾರಾಜನ ಪಾತ್ರ, ಪಂಚೆ ಬನಿಯನ್ನಿನಲ್ಲಿ. ತಾಲೀಮಿಗೆ ಕಿರೀಟ ಯಾರು ಹಾಕುತ್ತಾರೆ? 'ಈ ಕೆರೆ ನನ್ನದು, ನೀರು ಮುಟ್ಟಿದವರ ಕೈ ಕಡಿಯುತ್ತೇನೆ' ಎಂಬುದು ರಾಜನ ಮಾತು. ಯಾರೋ ಅಷ್ಟನ್ನೇ ಫೋನಿನಲ್ಲಿ ಹಿಡಿದು ಹಂಚಿದರು. ನನ್ನ ತೋಟವೋ, ಕೆರೆಯಂಚಿನಲ್ಲಿದೆ. ಕೆಳಗಿನೂರಿಗೆ ನೀರು ಬಿಡುವ ಜಗಳ ಮೊದಲೇ ಇತ್ತು. ಸಾಲದೇ?

ಸಂಜೆಗೆ ಕೆಳಗಿನೂರಿನ ಕೋನಪ್ಪ ಜನ ಕಟ್ಟಿಕೊಂಡು ಮನೆ ಬಾಗಿಲಿಗೆ ಬಂದ. "ಏಮಯ್ಯಾ, ಚೇತುಲು ನರುಕುತಾವಾ? ಕೈ ಕಡೀತೀಯಾ? ನಂದೇ ಮೊದ್ಲು ಕಡಿ, ನೋಡಣ" ಎಂದು ಎರಡೂ ಕೈ ಚಾಚಿದ. ಸಭಿಕರೇ, ಹೋದ ಶಿವರಾತ್ರಿಯ ನಾಟಕದಲ್ಲಿ ಇದೇ ಮಾತಿಗೆ ಒನ್ಸ್ ಮೋರ್ ಕೂಗಿದವನು ಇದೇ ಕೋನಪ್ಪ. ಗೊತ್ತಿಲ್ಲದವನಿಗೆ ತಿಳಿಹೇಳಬಹುದು. ಗೊತ್ತಿದ್ದೂ ಬಂದವನಿಗೆ ಏನು ಹೇಳಲಿ? ಏನೆಂದು ಹೇಳಲಿ?

ಅಂದಿನಿಂದ ನನ್ನ ಮನೆಯಾಕೆ ರಾಮಲಕ್ಷ್ಮಮ್ಮ ಹಗಲಲ್ಲೇ ಚಿಲಕ ಹಾಕುತ್ತಾಳೆ. ಕೆಮ್ಮಿದರೂ "ಮೆಲ್ಲಗೆ ಕಣ್ರೀ" ಅನ್ನುತ್ತಾಳೆ. ಚಂಡಕೇತು ಮಹಾರಾಜರು ಟವೆಲ್ಲಿಗೆ ಬಾಯಿಟ್ಟು ಕೆಮ್ಮುತ್ತಿದ್ದಾರೆ ಸ್ವಾಮಿ. ತೋಟದ ಕಡೆ ಹೋಗುವುದನ್ನೇ ಬಿಟ್ಟಿದ್ದೇನೆ. ಇದೆಲ್ಲ ನಿಮಗೇಕೆ ಹೇಳಿದೆನೋ. ಮೇಡಂ ಬಗ್ಗೆ ಎರಡು ಮಾತಾಡಿ ಎಂದು ಕರೆದಿದ್ದರು.

ಈಗ ಸಭೆಯಿಂದ ಕೋರಿಕೆ ಬಂದಿದೆ, ಆ ಡೈಲಾಗನ್ನೇ ಹೇಳಬೇಕಂತೆ. ಫೋನುಗಳೆಲ್ಲ ನನ್ನ ಕಡೆ ತಿರುಗಿವೆ. ಬಾಗಿಲ ಬಳಿ ನಿಂತವರೇ, ಮುಂದೆ ಕುರ್ಚಿ ಖಾಲಿ ಇದೆ, ಬನ್ನಿ. ಬರುವುದಿಲ್ಲವೇ? ಆಗಲಿ ಕೋನಪ್ಪ, ಅಲ್ಲಿಂದಲೇ ಕೇಳು.

ಕಿರೀಟ ಇಟ್ಟುಕೊಂಡೆ. ಎಲ್ಲರಿಗೂ ಕಾಣುತ್ತಿದೆ ತಾನೇ? ಫೋನಿನೊಳಕ್ಕೂ?

"ಈ ಕೆರೆ ನನ್ನದು. ನೀರು ಮುಟ್ಟಿದವರ ಕೈ ಕಡಿಯುತ್ತೇನೆ."

ಇದೋ, ತೆಗೆದೆ. ಚಪ್ಪಾಳೆ ಸಾಕು, ರೆಕಾರ್ಡ್ ಮಾತ್ರ ನಿಲ್ಲಿಸಬೇಡಿ. ಇದು ಬದುಕಿರುವವನ ಸೊನ್ನೆ, ಬೋಳುತಲೆಯದು. ಕೆರೆ ಎಲ್ಲರದು, ನೀರು ಬಿಡಬೇಕು. ಇದು ಮುನಿಶಾಮಪ್ಪನ ಮಾತು, ಯಾರೂ ಬರೆದುಕೊಟ್ಟದ್ದಲ್ಲ. ಇನ್ನೊಂದು ಮಾತೂ ಅವನದೇ. ನನಗೆ ಹೆದರಿಕೆಯಾಗುತ್ತಿದೆ. ಸಭೆ ಮುಗಿದ ಮೇಲೆ ಬಸ್ ಸ್ಟ್ಯಾಂಡಿನವರೆಗೆ ಯಾರಾದರೂ ಜೊತೆಗೆ ಬರ್ತೀರಾ?

ಕರೆದ ಮೇಡಂಗೆ, ಕೇಳಿದ ನಿಮಗೆಲ್ಲ ಧನ್ಯವಾದ. ಇನ್ನೂ ಬಾಗಿಲಲ್ಲೇ ನಿಂತಿರುವ ಕೋನಪ್ಪನಿಗೂ, ನಮಸ್ಕಾರ.